ನಗಿಸಿ ಕೆಮ್ಮು ಹಿಡಿಯುವ ಫೋನಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಆಕೆ ಫೋನ್ ಹಿಡಿದು ಕುಳಿತಿದ್ದಾರೆ. ಕಲ್ಲುಪುಡಿ ಕಾರ್ಖಾನೆಯ ರಾತ್ರಿ ಪಾಳಿ ಬಿಡುವ ಹೊತ್ತು. ಮಲಗುವ ಮೊದಲೇ ಕಾರ್ಮಿಕರನ್ನು ಹಿಡಿಯಬೇಕು.

"ಕೆಮ್ಮು ಇದೆಯಾ ಯಜಮಾನ್ರೇ?"

"ಏನೂ ಇಲ್ಲಕ್ಕ, ಗುಂಡುಕಲ್ಲು ಇದ್ದ ಹಾಗಿದೀನಿ."

"ಅಯ್ಯೋ, ಆ ಗುಂಡುಕಲ್ಲನ್ನೂ ಪುಡಿ ಮಾಡೋರಲ್ವಾ ನೀವು!"

ಆತ ನಗುತ್ತಾನೆ. ನಗು ಮುಗಿಯುವುದರೊಳಗೆ ಕೆಮ್ಮು ಒತ್ತರಿಸಿಕೊಂಡು ಬರುತ್ತದೆ. ಆಕೆ ಕಂಪ್ಯೂಟರಿನಲ್ಲಿ 'ಕೆಮ್ಮು ಇದೆ' ಎಂದು ತುಂಬುತ್ತಾರೆ. ಎಂಥ ಕೆಲಸವಿದು ಹೇಳಿ!

ಕಲ್ಲಿನ ದೂಳು ಶ್ವಾಸಕೋಶವನ್ನು ಹೇಗೆ ತಿನ್ನುತ್ತದೆಂದು ಇಲ್ಲಿನ ವೈದ್ಯರು ಹಲವು ವರ್ಷಗಳಿಂದ ಅಧ್ಯಯನ ನಡೆಸುತ್ತಿದ್ದಾರೆ. ಎಂಟುನೂರು ಕಾರ್ಮಿಕರು, ಆರು ತಿಂಗಳಿಗೊಮ್ಮೆ ಎಲ್ಲರಿಗೂ ಕರೆ. ಕೆಮ್ಮಿದ್ದವರನ್ನು ಸ್ಕ್ಯಾನಿಂಗ್‌ಗೆ ಕರೆಸುತ್ತಾರೆ. ಪರದೆಯ ಮೇಲೆ ಯಾರ ಹೆಸರೂ ಇರುವುದಿಲ್ಲ, ನೋಂದಣಿ ಸಂಖ್ಯೆ ಮತ್ತು ಫೋನ್ ನಂಬರ್ ಅಷ್ಟೆ.

"ನಿಮ್ಮ ವಿಷಯ ಕಾರ್ಖಾನೆಗೆ ಹೋಗಲ್ಲ ಅಂತ ಬಾಯಿ ಬಡ್ಕೊಂಡ್ರೂ ನಂಬಲ್ಲ. ಕೆಲಸ ಹೋಗುತ್ತೆ ಅಂತ ಸುಳ್ಳು ಹೇಳ್ತಾರೆ, ಪಾಪ. ಅದಕ್ಕೇ ನಗಿಸ್ತೀನಿ. ನಗ್ವಾಗ ಕೆಮ್ಮು ಬಚ್ಚಿಡೋಕಾಗಲ್ಲ" ಎನ್ನುತ್ತಾರೆ ಆಕೆ. ಕಾರ್ಮಿಕರ ಬಾಯಲ್ಲಿ ಆಕೆ 'ಫೋನಕ್ಕ'. ಸಂಶೋಧನಾ ವರದಿಗಳಲ್ಲಿ ಭೂತಗನ್ನಡಿ ಹಾಕಿದರೂ ಆಕೆ ಸಿಗುವುದಿಲ್ಲ.

ಫೋನಕ್ಕನ ಒಡಹುಟ್ಟಿದ ಅಣ್ಣನೂ ಅದೇ ಕಾರ್ಖಾನೆಯಲ್ಲಿದ್ದವನು. ಕಳೆದ ಸಲ ಅವನ ನಂಬರ್ ಪರದೆಗೆ ಬಂದಾಗ ಆಕೆಯೇ ಕರೆ ಮಾಡಿದರು. ಕೆಮ್ಮಿಲ್ಲ ಎಂದ. ಅಪ್ಪ ನಿದ್ದೆಗಣ್ಣಲ್ಲಿ ಅಮ್ಮನ ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೋದ ದಿನವನ್ನು ತಂಗಿ ನೆನಪಿಸಿದರು. ಅಣ್ಣ ಬಿದ್ದು ಬಿದ್ದು ನಕ್ಕ. ಆಮೇಲೆ ಕೆಮ್ಮಿದ, ಮಾತಾಡಲಾಗದಷ್ಟು. ಕೇಳಿಸದವರಂತೆ ಇದ್ದುಬಿಡಬಹುದಿತ್ತು. ಆಕೆ 'ಕೆಮ್ಮು ಇದೆ' ಎಂದೇ ತುಂಬಿದರು.

ಸ್ಕ್ಯಾನಿಂಗ್‌ನಲ್ಲಿ ಎರಡೂ ಶ್ವಾಸಕೋಶ ಹಾಳಾಗಿರುವುದು ಕಂಡಿತು. "ವಾಸಿಯಾಗಲ್ಲ, ದೂಳಿಂದ ದೂರ ಇದ್ರೆ ಒಂದಷ್ಟು ವರ್ಷ ಅಂದ್ರು ಡಾಕ್ಟ್ರು." ಅಣ್ಣ ಕಾರ್ಖಾನೆ ಬಿಟ್ಟ. ತಂಗಿಯನ್ನೂ ಬಿಟ್ಟ.

"'ತಂಗಿ ಅಂತ ನಕ್ಕೆ ಕಣೇ, ಅದನ್ನೂ ಬರ್ಕೊಂಡೆಯಾ?' ಅಂದ. ಅವತ್ತಿಂದ ಮಾತಿಲ್ಲ." ಫೋನಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಕಾರ್ಖಾನೆ ಬಿಟ್ಟವರಿಗೂ ಅಧ್ಯಯನದ ಕರೆ ತಪ್ಪುವುದಿಲ್ಲ; ಇವತ್ತು ಮತ್ತೆ ಅಣ್ಣನ ಸರದಿ. ಈ ಕರೆಯನ್ನು ಬೇರೆಯವರಿಗೆ ಕೊಡಿ ಎಂದು ಆಕೆ ಕೇಳಿಲ್ಲ. ರಿಂಗ್ ಆಗಿ ಆಗಿ ನಿಲ್ಲುತ್ತದೆ. ಇನ್ನೊಮ್ಮೆ ಒತ್ತುತ್ತಾರೆ.

"ನಗೋದು ಬೇಡ. ಬೈಯೋಕಾದ್ರೂ ಎತ್ತಲಿ. ಉಸಿರು ಹೇಗಿದೆ ಅಂತ ಅಷ್ಟರಲ್ಲೇ ಗೊತ್ತಾಗುತ್ತೆ ನಂಗೆ."