ಹಲಸಿನ ಸದ್ದು ಕಲಿತ ಡಬ್ಬಿ

ಕಂಪ್ಯೂಟರಿನ ಪರದೆ ಕಪ್ಪಾಯಿತು. ನನ್ನ ಮೊಮ್ಮಗಳು ಪಲ್ಲವಿ ತಲೆ ಮೇಲೆ ಕೈ ಹೊತ್ತು ಕೂತಳು. ಮರುದಿನವೇ ತುಮಕೂರಿನ ಕಾಲೇಜಿನಲ್ಲಿ ಅವಳು ತನ್ನ ಪ್ರಾಜೆಕ್ಟು ತೋರಿಸಬೇಕಿತ್ತು.

ನಾನು ಚೇಳೂರಿನಲ್ಲಿ ಹಲಸು ಮಾರುವವಳು. ತಟ್ಟಿ ನೋಡಿ ಕಾಯೋ ಹಣ್ಣೋ ಹೇಳುತ್ತೇನೆ. ನಾನು ತಟ್ಟಿದ ಸದ್ದನ್ನೂ ಸೀಳಿದಾಗ ಒಳಗೆ ಕಂಡದ್ದನ್ನೂ ಅವಳು ಬೇಸಿಗೆಯಿಡೀ ಮೊಬೈಲಿಗೆ ತುಂಬಿಕೊಂಡಿದ್ದಳು. ಅದನ್ನು ಕಂಪ್ಯೂಟರಿಗೆ ಕಲಿಸುವುದೇ ಅವಳ ಪ್ರಾಜೆಕ್ಟು.

"ಏನ್ಲೇ, ಸುಟ್ಟೋಯ್ತಾ?"

"ಇಲ್ಲ ಕಣಜ್ಜಿ. ಬೇಗ ಕಲೀಲಿ ಅಂತ ಜಿಪಿಯು ಕಾರ್ಡ್ ಹಾಕಿದೀನಿ. ಅದನ್ನ ಈ ಕಂಪ್ಯೂಟರ್ ನಡೆಸೋ ಲಿನಕ್ಸ್‌ಗೆ ಹೊಂದಿಸೋ ಡ್ರೈವರ್ ಸಾಫ್ಟ್‌ವೇರ್ ತಪ್ಪಾಗಿ ಹಾಕ್ಬುಟ್ಟೆ."

"ತಪ್ಪಾಗಿದ್ರೆ ಕಿತ್ತಾಕು, ಸರಿಯಾದ್ದು ಹಾಕು. ಅಳೋದ್ಯಾಕೆ?"

ಕಣ್ಣೊರೆಸಿಕೊಂಡು ಹಾಗೇ ಮಾಡಿದಳು. ಪರದೆ ತುಂಬ ಇಂಗ್ಲಿಷ್ ಅಕ್ಷರ ಓಡಿತು. ಆಮೇಲೆ ಕಂಪ್ಯೂಟರಿನ ಡಬ್ಬಿಯೊಳಗೆ ಫ್ಯಾನು ಭರ್ರೆಂದಿತು, ಹಿಂದೆ ಕೈಯಿಟ್ಟರೆ ಒಲೆ ಬಾಯಿಯ ಬಿಸಿ. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಇಡೀ ಬೇಸಿಗೆಯ ಸದ್ದನ್ನು ಅದು ಕಲಿತು ಮುಗಿಸಿತ್ತು.

ನಾನು ನಂಬಲಿಲ್ಲ. ಬೆಳಿಗ್ಗೆ ಕಿತ್ತು ತಂದಿದ್ದ ಹಲಸನ್ನು ಮೊಬೈಲಿನ ಮುಂದೆ ತಟ್ಟಿದೆ. ಸದ್ದು ಕಾಯಿಯದೇ ಅನಿಸಿತು, ಹಣ್ಣಿನ ಘಮವೂ ಇರಲಿಲ್ಲ.

"ಇನ್ನೂ ಕಾಯಿ" ಅಂದೆ.

ಪರದೆ ಮೇಲೆ 'ಹಣ್ಣು' ಅಂತ ಬಂತು.

"ಅದಕ್ಕೇನ್ ಗೊತ್ತು ಬುಡು" ಎಂದು ಕೈಗೆ ಎಣ್ಣೆ ಸವರಿಕೊಂಡು ಸೀಳಿದೆ. ಒಳಗೆ ತೊಳೆ ಕೆಂಪಗೆ ಹಣ್ಣಾಗಿ ಕೂತಿತ್ತು. ಪಲ್ಲವಿ ಕುಣಿದಾಡಿದಳು. ನಾನು ಕುಡುಗೋಲು ಕೆಳಗಿಟ್ಟು ಒಂದು ತೊಳೆ ಬಿಡಿಸಿ ತಿಂದು ನೋಡಿದೆ.

ಹುಡುಗಿಯಾಗಿದ್ದಾಗಿನಿಂದ ಹಲಸು ತಟ್ಟಿದ ಕೈ ಇದು. ಇದರ ಹತ್ತಿರವೇ ಕಲಿತು ಆ ಡಬ್ಬಿ ನನ್ನನ್ನು ತಿದ್ದಿತು. ಈಗ ಗಿರಾಕಿಗೆ ಹೇಳುವ ಮೊದಲು ಇನ್ನೊಂದು ಸಲ ತಟ್ಟುತ್ತೇನೆ.