ತವಂದಿ ಘಾಟಿಗೆ ಮುಂಚೆ ಬ್ರೇಕಿನ ಸಿಲಿಂಡರ್ ಬದಲಿಸಿದ್ದು

ಕನಸಿನಲ್ಲಿ ಬ್ರೇಕ್ ಒತ್ತುತ್ತಿದ್ದೆ. ಪೆಡಲ್ ಕೆಳಗಿಳಿಯಿತು, ಇನ್ನೂ ಇಳಿಯಿತು... ನನ್ನ ಕಾಲು ಗಾಡಿಯ ತಳ ದಾಟಿ ರಸ್ತೆಗೇ ತಾಗಿ ಉಜ್ಜುತ್ತಿದೆ, ಗಾಡಿ ಮಾತ್ರ ನಿಲ್ಲುತ್ತಿಲ್ಲ.

ಎಚ್ಚರಾದಾಗ ಬಲಗಾಲು ಗೋಡೆಯನ್ನು ಒದೆಯುತ್ತಿತ್ತು. ಹೆಂಡತಿ ಪಾರವ್ವ ಎದ್ದು ಕೂತು, "ಗ್ವಾಡಿ ಕೆಡವ್ತೀರೇನ್ರಿ? ಬಾಡಿಗಿ ಮನಿ ಐತಿ ಇದು" ಎಂದಳು.

ನಗಬೇಡಿ. ನಾನು ಅಂಜುವ ಸ್ವಭಾವದವನು, ಹೌದು. ಶಾಲೆಯನ್ನೂ ಅರ್ಧಕ್ಕೇ ಬಿಟ್ಟವನು. ಆದರೆ ಈ ಸಲದ ಅಂಜಿಕೆ ಸುಮ್ಮನೆ ಬಂದದ್ದಲ್ಲ.

ಇಚಲಕರಂಜಿಯ ನೂಲಿನ ವ್ಯಾಪಾರಿ ನೇಮಣ್ಣ ಸಾವಕಾರರ ಹಳೆಯ ಪಿಕಪ್ ಓಡಿಸುವವನು ನಾನು. ಎರಡನೇ ಮಹಾಯುದ್ಧಕ್ಕೂ ಮುಂಚಿನ ಅಮೆರಿಕದ ಗಾಡಿ, ಎಣ್ಣೆ ಬ್ರೇಕಿನದು. ಪೆಡಲ್ ಒತ್ತಿದರೆ ಕಾಲಡಿಯ ಮಾಸ್ಟರ್ ಸಿಲಿಂಡರ್ ಪೈಪಿನ ಮೂಲಕ ನಾಲ್ಕೂ ಗಾಲಿಗೆ ಎಣ್ಣೆ ತಳ್ಳಬೇಕು. ನಮ್ಮದು ಒಮ್ಮೊಮ್ಮೆ ತಳ್ಳುತ್ತಿತ್ತು, ಒಮ್ಮೊಮ್ಮೆ ಇಲ್ಲ.

ನೂಲಿನ ಗಂಟು ಹೇರಿಕೊಂಡು ಊರೊಳಗೆ ತಿರುಗಲು ಹೇಗೋ ನಡೆಯುತ್ತಿತ್ತು. ಈಗ ಹೋಗಬೇಕಾದದ್ದು ಗಡಹಿಂಗ್ಲಜಕ್ಕೆ. ಸಾವಕಾರರ ತಂಗಿ ಸುಮತಿ ಅಲ್ಲಿ ತುಂಬು ಬಸುರಿ, ಚೊಚ್ಚಲ ಬಾಣಂತನಕ್ಕೆ ತವರಿಗೆ ಕರೆತರಬೇಕು.

ವಾಪಸು ಬರುವಾಗ, ನಿಪ್ಪಾಣಿಗೆ ಮೊದಲು, ತವಂದಿ ಘಾಟ್ ಇಳಿಯಬೇಕು. ಆ ಹುಡುಗಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು, ಆ ಪೆಡಲ್ ನಂಬಿಕೊಂಡು...

"ಏ ಶಿವಪ್ಪಾ, ನೀ ಎತ್ತಿನ ಗಾಡಿ ಹೊಡದ್ರೂ ಅಂಜಾಂವ" ಎಂದು ಸಾವಕಾರರು, ಸಿಲಿಂಡರ್ ಬದಲಿಸಬೇಕು ಎಂದ ನನ್ನನ್ನು ನೋಡಿ ನಕ್ಕರು. ಆದರೆ ಅವರ ತಾಯಿ, ನಾವೆಲ್ಲ ಆಯಿ ಎಂದು ಕರೆಯುವವರು, ನಗಲಿಲ್ಲ. "ಬರಾಕಿ ನನ್ನ ಮಗಳ. ಅಂವ ಅಂಜೂದ ಚಲೋ" ಎಂದರು.

ಹಾಗಾಗಿ ಸಿಲಿಂಡರ್ ಬಿಚ್ಚಿ, ಚೀಲದಲ್ಲಿ ಹಾಕಿಕೊಂಡು ಕೊಲ್ಹಾಪುರದ ಬಸ್ ಹತ್ತಿದೆ.

ಅಲ್ಲಿ ಹರಾಜಿನ ಮಿಲಿಟರಿ ಸಾಮಾನು ಮಾರುವ ಒಬ್ಬ ಅಂಗಡಿಯವನು ನಮ್ಮ ಸಿಲಿಂಡರಿನೊಳಗೆ ಬೆರಳು ಹಾಕಿ ನೋಡಿದ. ಒಳಗೆಲ್ಲ ತುಕ್ಕು ತಿಂದ ಕುಳಿಗಳು. ರಬ್ಬರ್ ಬಟ್ಟಲು ನೆನೆಸಿಟ್ಟ ಕಡಲೆಯ ಹಾಗೆ ಉಬ್ಬಿ ಮೆತ್ತಗಾಗಿತ್ತು. ಬೆರಳು ಮೂಸಿ, "ಶೇಂಗ್ಯಾಚಂ ತೇಲ? ಅರೇ, ಭಜೀ ತಳತಾ ಕಾ ಗಾಡೀತ?" ಎಂದ. ಗಾಡಿಯಲ್ಲಿ ಭಜಿ ಕರೀತೀರಾ ಅಂತ!

ಏನು ಹೇಳಲಿ. ಯುದ್ಧದಲ್ಲಿ ಬ್ರೇಕ್ ಎಣ್ಣೆ ಸಿಗುತ್ತಿರಲಿಲ್ಲ. ಬೇರೆಯವರು ಔಡಲೆಣ್ಣೆಗೆ, ಅಂದರೆ ಹರಳೆಣ್ಣೆಗೆ, ಸ್ಪಿರಿಟ್ ಬೆರೆಸಿ ಹಾಕುತ್ತಿದ್ದರು. ನಮ್ಮ ಸಾವಕಾರರು ಕಟ್ಟಾ ಜೈನರು, ಸ್ಪಿರಿಟ್ ಎಂದರೆ ಸೆರೆ, ಅಂದರೆ ಹೆಂಡ, ಸೆರೆ ಮುಟ್ಟಿದ ಗಾಡಿ ಅಂಗಳಕ್ಕೆ ಬರಕೂಡದು. ಅದಕ್ಕೇ ಗಾಣದಿಂದ ಶೇಂಗಾ ಎಣ್ಣೆ ತರಿಸಿ, ಸೋಸಿ, ಭಕ್ತಿಯಿಂದ ತುಂಬಿಸುತ್ತಿದ್ದರು.

ಅಂಗಡಿಯವನು ಹೊಸ ಸಿಲಿಂಡರ್ ಕೊಟ್ಟ, ಗಾಲಿಗಳ ಬ್ರೇಕಿನ ರಬ್ಬರ್ ಕೂಡ ಕೊಟ್ಟ. ಅರ್ಧ ಔಡಲೆಣ್ಣೆ, ಅರ್ಧ ಸ್ಪಿರಿಟ್, ಬೇರೆ ಏನು ಹಾಕಿದರೂ ಇದೂ ಹಾಳೇ ಎಂದ.

ಬಸ್ಸಿನಲ್ಲಿ ಸಿಲಿಂಡರ್ ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಬೆವತೆ. ಘಾಟಿಗಿಂತ ಈಗ ಸಾವಕಾರರದೇ ಹೆಚ್ಚು ಅಂಜಿಕೆ.

ಅಂದುಕೊಂಡ ಹಾಗೇ ಸಾವಕಾರರು ಸಿಡಿದರು. "ನಮ್ಮ ಮನ್ಯಾಗ ಉಳ್ಳಾಗಡ್ಡಿನ ಬರೂದಿಲ್ಲ, ನೀ ಸೆರೆ ತರತೀನಿ ಅಂತೀಯಲ್ಲೋ!"

ಆದರೂ ಅಂದುಬಿಟ್ಟೆ: "ಹಂಗಾದ್ರ ಸುಮತಕ್ಕನ್ನ ಬ್ಯಾರೆ ಡ್ರೈವರ್ ಕರಕೊಂಡ ಬರಲ್ರಿ. ನಾ ಘಾಟ ಇಳಸಾಂವ ಅಲ್ಲ." ಹಾಗೆ ನಾನು ಮಾತಾಡಿದ್ದು ಅದೇ ಮೊದಲು.

ಆಯಿ ಒಳಗಿನಿಂದ ಔಡಲೆಣ್ಣೆಯ ಶೀಸೆ ತಂದು ಕಟ್ಟೆಯ ಮೇಲಿಟ್ಟರು. "ನೇಮೂ, ಗಾಡಿಗೆ ಬ್ಯಾನಿ ಆಗೇತಿ, ಔಷಧ ಹಾಕ್ತಾನ. ಕುಡಿಯೂದು ಗಾಡಿ. ನೀ ಯಾಕ ತೂರಾಡ್ತಿ?"

ಸಾವಕಾರರು ತಾವೂ ನಕ್ಕುಬಿಟ್ಟರು. ದವಾಖಾನೆಯಿಂದ ಸ್ಪಿರಿಟ್ ಬಂತು.

ಪೈಪುಗಳನ್ನು ತೊಳೆದೆ, ಗಾಲಿಗಳ ರಬ್ಬರ್ ಬದಲಿಸಿದೆ, ಹೊಸ ಸಿಲಿಂಡರ್ ಕೂರಿಸಿದೆ.

ಇನ್ನು ಪೈಪಿನೊಳಗಿನ ಗಾಳಿ ತೆಗೆಯಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಗಾಲಿಯ ಹತ್ತಿರ ಗಾಳಿ ಬಿಡುವ ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿಯಬೇಕು. ಸಾವಕಾರರು ಉತ್ಸಾಹದಿಂದ ಹತ್ತಿ ಕೂತರು. ನಾನು ಬಿಗಿಯುವ ಮೊದಲೇ ಕಾಲು ತೆಗೆಯುತ್ತಾರೆ, ಹೋದ ಗಾಳಿ ತಿರುಗಿ ಒಳಗೆ!

ಊಟದ ಬುತ್ತಿ ತಂದಿದ್ದ ಪಾರವ್ವ ನೋಡುತ್ತ ನಿಂತಿದ್ದಳು. ಚಿಕ್ಕಂದಿನಿಂದ ಕೈಮಗ್ಗ ತುಳಿದ ಕಾಲು ಅವಳದು. "ಸರೀರಿ ಸಾವಕಾರ್ರ, ಹಿಂಗ ತುಳದ್ರ ಮಗ್ಗದಾಗಿನ ಸೀರಿ ಹರೀತೈತಿ" ಎಂದು ಸೆರಗು ಸಿಕ್ಕಿಸಿ ಹತ್ತಿ ಕೂತಳು.

ನಾನು ಕೆಳಗಿನಿಂದ "ಒತ್ತು" ಎಂದರೆ ಒತ್ತು, "ಬಿಡು" ಎಂದರೆ ಬಿಡು. ಮಗ್ಗದ ಲಯದಲ್ಲೇ ನಾಲ್ಕೂ ಗಾಲಿ ಮುಗಿಯಿತು. ಗುಳ್ಳೆ ನಿಂತವು, ಬರೀ ಎಣ್ಣೆ ಬಂತು. "ಈಗ ಕಲ್ಲ ಆತ ನೋಡ್ರಿ ಇದು" ಎಂದಳು.

ಆಯಿ, ಸಾವಕಾರರು, ನಾನು ಗಡಹಿಂಗ್ಲಜಕ್ಕೆ ಹೋದೆವು. ಬೀಗರು ಮಡಿಲು ತುಂಬಿ ಸುಮತಿಯನ್ನು ಕಳಿಸಿಕೊಟ್ಟರು. ಮುಂದೆ ನನ್ನ ಪಕ್ಕ ಆಯಿ, ಅವರ ಹೆಗಲಿಗೆ ಒರಗಿ ಸುಮತಿ. ಹಿಂದೆ ಗಾದಿಯ ಮೇಲೆ ಸಾವಕಾರರು.

ಘಾಟ್ ಶುರುವಾಯಿತು. ಗೇರ್ ಇಳಿಸಿ ಮೆಲ್ಲಗೆ ಇಳಿಯುತ್ತಿದ್ದೇನೆ. ಒಂದು ತಿರುವು ದಾಟಿದರೆ... ಎದುರಿಗೇ ತಂಬಾಕು ಹೇರಿದ ಚಕ್ಕಡಿಗಳ ಸಾಲು! ಒಂದರ ಅಚ್ಚು ಮುರಿದು ರಸ್ತೆಗೆ ಅಡ್ಡ ನಿಂತಿದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಏನೂ ಇಲ್ಲ.

ಒತ್ತಿದೆ.

ಪೆಡಲ್ ಅರ್ಧಕ್ಕೆ ಗಟ್ಟಿಯಾಗಿ ನಿಂತಿತು. ಗಾಡಿಯೂ ನಿಂತಿತು. ಆ ಚಕ್ಕಡಿಗೂ ನಮ್ಮ ಬಂಪರಿಗೂ ನಡುವೆ ಒಬ್ಬ ಮನುಷ್ಯ ಆರಾಮಾಗಿ ನಡೆದುಹೋಗಬಹುದಿತ್ತು.

ಸುಮತಿ ಕಣ್ಣು ತೆರೆದು, "ಯಾಕ ನಿಂತ್ವಿ ಶಿವಣ್ಣಾ? ನಿಪ್ಪಾಣಿ ಬಂತೇನ?" ಎಂದಳು. ಆಯಿ ನನ್ನ ಬೆನ್ನ ಮೇಲೆ ಕೈ ಇಟ್ಟರು. ಆ ಕ್ಷಣ ನಾನು ಯಾವ ರಾಜನಿಗೂ ಕಡಿಮೆ ಇರಲಿಲ್ಲ!

ನಿಪ್ಪಾಣಿಯಲ್ಲಿ ಗಾಡಿ ನಿಲ್ಲಿಸಿ ಚಹಾ ಹಿಡಿದು ನಿಂತೆ. ಎದೆಯಲ್ಲಿ ಯಾವ ಅಂಜಿಕೆಯೂ ಇಲ್ಲ, ಹುಡುಕಿದರೂ ಇಲ್ಲ.

ಸಾವಕಾರರು ಮಾತ್ರ ಗಾಡಿಯನ್ನು ಸುತ್ತುತ್ತಲೇ ಇದ್ದರು. ಬಗ್ಗಿ ಕೆಳಗೆ ನೋಡಿದರು, ಗಾಲಿ ಮುಟ್ಟಿದರು, ಕೊನೆಗೆ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದರು:

"ಶಿವಪ್ಪಾ, ಚಾ ಆಮ್ಯಾಲ ಕುಡಿಯಂತಿ... ಆ ಬ್ರೇಕಿನ ಎಣ್ಣಿ ಮುಚ್ಚಳ ಬಿಗಿ ಐತೋ ಇಲ್ಲೋ, ಇನ್ನೊಮ್ಮಿ ನೋಡಿ ಬಾರಪಾ."