‘ಲೇ’ ಅಂದರೆ ಹತ್ತುವ ಕೆಂಪು ದೀಪ

ನಗಬೇಡಿ ಗೆಳೆಯರೇ. ಮೆದುಳಿನಂತೆ ಕಲಿಯುವ ಚಿಪ್‌ಗಳ ಹ್ಯಾಕಥಾನ್‌ ಕಡೂರಿನಲ್ಲಿ ನಡೆಯುತ್ತಿದೆ, ಇವತ್ತು ನಮ್ಮ ಡೆಮೊ ಇತ್ತು. ಮೋಟಾರಿನ ಸದ್ದು ಕೆಟ್ಟರೆ ನಮ್ಮ ಚಿಪ್ ಕೆಂಪು ದೀಪ ಹಚ್ಚಬೇಕು. ಪಂಚನಹಳ್ಳಿಯಲ್ಲಿ ಮಾವನ ತೆಂಗಿನ ನಾರಿನ ಮಿಲ್‌ನಲ್ಲೇ ಸದ್ದು ರೆಕಾರ್ಡ್ ಮಾಡಿ ಕಲಿಸಿದ್ದೆವು. ತೀರ್ಪುಗಾರರ ಮುಂದೆ ಬೇರೊಂದು ಮೋಟಾರಿನ ಕೆಟ್ಟ ಸದ್ದು ಹಾಕಿದರೆ ದೀಪ ಹತ್ತಲೇ ಇಲ್ಲ. ಜೊತೆಗಾತಿ ಹೀನಾ ಗಾಬರಿಯಾಗಿ, “ಲೇ, ಏನಾಯ್ತೇ ಇದಕ್ಕೆ?” ಅಂದಳು. ಹತ್ತಿತು!

ಮೋಟಾರ್ ಕೆಟ್ಟಾಗಲೆಲ್ಲ ಮಾವ “ಲೇ, ಆಫ್ ಮಾಡ್ರೋ!” ಎಂದು ಕೂಗುತ್ತಿದ್ದರು, ಅದೂ ರೆಕಾರ್ಡ್ ಆಗಿತ್ತು. ಚಿಪ್ ಮೋಟಾರನ್ನು ಬಿಟ್ಟು ಮಾವನನ್ನು ಕಲಿತಿತ್ತು.

ಕೊನೆಯ ಸುತ್ತು ನಾಳೆ ಸಂಜೆ. ನಾವಂತೂ ಬಿಡುವವರಲ್ಲ, ಬೆಳಿಗ್ಗೆಯೇ ಹೋಗಿ ಮತ್ತೆ ರೆಕಾರ್ಡ್ ಮಾಡುತ್ತೇವೆ. ಸ್ಪೀಕರ್ ಹಾಕಿ ಮಾವನಿಗೆ ಫೋನ್ ಮಾಡಿದೆ: “ನಾಳೆ ಒಂದಿನ ಕೂಗ್ಬೇಡಿ ಮಾವ.”

“ಲೇ, ಬಾಯ್ ಮುಚ್ಕೊಂಡು ಮಿಲ್ ನಡ್ಸಕ್ಕಾಯ್ತದೇನೇ?”

ಮೇಜಿನ ಮೇಲೆ ದೀಪ ಹತ್ತಿತು. ಚಿಪ್‌ ಪ್ರಕಾರ ಮಾವನೇ ರಿಪೇರಿಗೆ ಬಂದಿದ್ದಾರೆ.